ವಾಲ್ವ್ ಆಪರೇಷನ್ನಿಗೆ ನಾಲ್ಕು ಬಾಟಲಿ ರಕ್ತ: ಅಷ್ಟೊಂದು ರಕ್ತ ಹೋಗುವುದಾದರೂ ಎಲ್ಲಿಗೆ?

"ನಾಳೆ ಬೆಳಗ್ಗೆ ಹಾರ್ಟ್ ಆಪರೇಷನ್, ಬಿ ಪಾಸಿಟಿವ್ ಫ್ರೆಶ್ ಬ್ಲಡ್ ನಾಲ್ಕು ಬಾಟಲಿ ಅರ್ಜೆಂಟಾಗಿ ಬೇಕು, ದಯವಿಟ್ಟು ಎಲ್ಲ ಗ್ರೂಪ್‌ಗೂ ಕಳಿಸಿ." ಮೈಸೂರಿನಲ್ಲಿ ವಾಟ್ಸ್‌ಆ್ಯಪ್ ಬಳಸುವ ಯಾರಿಗಾದರೂ ಈ ತರಹದ ಸಂದೇಶ ಬಂದೇ ಬಂದಿರುತ್ತದೆ. ಕಳಿಸಿದವರ ಗಾಬರಿ ಅದರಲ್ಲಿ ಕಾಣುತ್ತದೆ. ಅದರ ಜೊತೆಗೆ ನಾಲ್ಕು ನಂಬಿಕೆಗಳೂ ಸದ್ದಿಲ್ಲದೆ ಬಂದಿರುತ್ತವೆ. ಒಂದು, ನಾಲ್ಕು ಬಾಟಲಿ ಕೇಳಿದ್ದಾರೆ ಎಂದರೆ ನಾಲ್ಕು ಬಾಟಲಿ ರಕ್ತ ಸೋರಿ ಹೋಗುತ್ತದೆ. ಎರಡು, ರಕ್ತ ತಾಜಾ ಇದ್ದಷ್ಟೂ ಒಳ್ಳೆಯದು. ಮೂರು, ಹೊರಗಿನವರ ರಕ್ತಕ್ಕಿಂತ ಮನೆಯವರದ್ದೇ ಮೇಲು. ನಾಲ್ಕು, ಎಷ್ಟು ಹೆಚ್ಚು ಕೊಟ್ಟರೆ ಅಷ್ಟು ಬೇಗ ಚೇತರಿಕೆ.

ಹೃದಯದ ಕವಾಟ, ಅಂದರೆ ವಾಲ್ವ್ ಬದಲಿಸುವ ಶಸ್ತ್ರಚಿಕಿತ್ಸೆಯಲ್ಲಿ ಈ ನಾಲ್ಕರಲ್ಲಿ ಒಂದೂ ಪೂರ್ತಿ ನಿಜವಲ್ಲ. ಮೂರನೆಯದು ಕೆಲವೊಮ್ಮೆ ಅಪಾಯಕಾರಿಯೂ ಹೌದು. ಇನ್ನೊಂದು ಮಾತು ಈ ಸಂದೇಶಗಳಲ್ಲಿ ಕಾಣುವುದೇ ಇಲ್ಲ: ರೋಗಿಗೆ ಎಷ್ಟು ರಕ್ತ ಬೇಕಾಗುತ್ತದೆ ಎನ್ನುವುದರಲ್ಲಿ ದೊಡ್ಡ ಪಾಲು ಆಪರೇಷನ್ ಥಿಯೇಟರಿನೊಳಗೆ ಹೋಗುವ ಮೊದಲೇ, ಹಿಂದಿನ ನಾಲ್ಕಾರು ವಾರಗಳಲ್ಲಿ ತೀರ್ಮಾನವಾಗಿರುತ್ತದೆ.

ನಮ್ಮ ಕಡೆಯ ವಾಲ್ವ್ ರೋಗಿ ಯಾರು?

ಅಮೆರಿಕ, ಯುರೋಪಿನಲ್ಲಿ ವಾಲ್ವ್ ಕಾಯಿಲೆ ಎಂದರೆ ಹೆಚ್ಚಾಗಿ ಎಪ್ಪತ್ತು ದಾಟಿದವರ ಕಾಯಿಲೆ. ವಯಸ್ಸಾದಂತೆ ಕವಾಟದಲ್ಲಿ ಸುಣ್ಣದ ಅಂಶ ಸೇರಿ ಅದು ಗಟ್ಟಿಯಾಗುತ್ತದೆ. ನಮ್ಮಲ್ಲೂ ಅಂಥವರಿದ್ದಾರೆ. ಆದರೆ ನಮ್ಮಲ್ಲಿ ಇಂದಿಗೂ ದೊಡ್ಡ ಕಾರಣ ರುಮ್ಯಾಟಿಕ್ ಜ್ವರ. ಐದರಿಂದ ಹದಿನೈದು ವರ್ಷದೊಳಗಿನ ಮಗುವಿಗೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬರುತ್ತದೆ. ಸರಿಯಾದ ಚಿಕಿತ್ಸೆ ಸಿಗದಿದ್ದರೆ ಕೆಲವು ಮಕ್ಕಳಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪು ತಿಳಿದು ಹೃದಯದ ಕವಾಟದ ಮೇಲೆ ತಿರುಗಿ ಬೀಳುತ್ತದೆ. ಹತ್ತು ಹದಿನೈದು ವರ್ಷ ಏನೂ ಗೊತ್ತಾಗುವುದಿಲ್ಲ. ಆಮೇಲೆ ಮೆಟ್ಟಿಲು ಹತ್ತಿದರೆ ಉಬ್ಬಸ, ಮಲಗಿದರೆ ಕೆಮ್ಮು. ಎಷ್ಟೋ ಸಲ ಮೊದಲ ಬಸಿರಿನಲ್ಲೇ ಕಾಯಿಲೆ ಪತ್ತೆಯಾಗುತ್ತದೆ. ಹೆಂಗಸರಲ್ಲಿ ಇದು ಹೆಚ್ಚು. ಹೆಚ್ಚಾಗಿ ಕೆಡುವುದು ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ.

ಮೈಸೂರಿನ ಕೆ.ಆರ್.ಎಸ್. ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಚಾಮರಾಜನಗರ, ಮಂಡ್ಯ, ಕೊಡಗು, ಹಾಸನದ ಕಡೆಯಿಂದೆಲ್ಲ ಜನ ಬರುತ್ತಾರೆ. ಕವಾಟ ಬರೀ ಕಿರಿದಾಗಿದ್ದರೆ, ಅದರ ರೂಪ ಇನ್ನೂ ಕೆಟ್ಟಿರದಿದ್ದರೆ, ಎದೆ ತೆರೆಯದೆ ತೊಡೆಯ ರಕ್ತನಾಳದ ಮೂಲಕ ಬಲೂನು ಕಳಿಸಿ ಅಗಲ ಮಾಡಬಹುದು. ಜಪಾನಿನ ಕಾಂಜಿ ಇನೌ 1980ರ ದಶಕದ ಆರಂಭದಲ್ಲಿ ರೂಪಿಸಿದ ವಿಧಾನ ಇದು. ಇದರಲ್ಲಿ ರಕ್ತದ ಅಗತ್ಯ ಬೀಳುವುದೇ ಅಪರೂಪ. ಕವಾಟ ಸೋರುತ್ತಿದ್ದರೆ, ಸುಣ್ಣಗಟ್ಟಿ ಮುದುಡಿಹೋಗಿದ್ದರೆ ಬಲೂನು ಸಾಲದು. ಆಗ ಎದೆ ತೆರೆದು ಅದನ್ನು ರಿಪೇರಿ ಮಾಡಬೇಕು, ಇಲ್ಲವೇ ತೆಗೆದು ಲೋಹದ್ದನ್ನೋ ಪ್ರಾಣಿಯ ಅಂಗಾಂಶದ್ದನ್ನೋ ಕೂರಿಸಬೇಕು. ನಮ್ಮ ದೇಶದ್ದೇ ಆದ ಚಿತ್ರಾ ವಾಲ್ವ್ ಕೂಡ ಇದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ತಯಾರಾಗಿ, 1990ರ ಡಿಸೆಂಬರಿನಲ್ಲಿ ಮೊದಲ ರೋಗಿಯ ಎದೆ ಸೇರಿತು.

ಈಗ ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳಿ. ಮೂವತ್ತು ವರ್ಷದ ಹೆಂಗಸು, ತೂಕ 45 ಕಿಲೋ, ಹಿಮೋಗ್ಲೋಬಿನ್ 10. ನಮ್ಮ ವಾಲ್ವ್ ವಾರ್ಡುಗಳಲ್ಲಿ ಇದೇನೂ ಅಪರೂಪದ ಚಿತ್ರವಲ್ಲ. ಮುಂದಿನ ಲೆಕ್ಕವೆಲ್ಲ ಇವರದ್ದೇ.

ಒಂದು ಹನಿಯೂ ಚೆಲ್ಲದೆ ರಕ್ತ ಕಡಿಮೆಯಾಗುವುದು

ಕವಾಟ ಬದಲಿಸಬೇಕಾದರೆ ಹೃದಯವನ್ನು ನಿಲ್ಲಿಸಬೇಕು, ಒಳಗನ್ನು ಖಾಲಿ ಮಾಡಬೇಕು. ಆ ಒಂದೆರಡು ಗಂಟೆ ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ಹಾರ್ಟ್-ಲಂಗ್ ಯಂತ್ರ ಮಾಡುತ್ತದೆ. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಇಂಥ ಯಂತ್ರ ಬಳಸಿ ಮೊದಲ ಬಾರಿಗೆ ಯಶಸ್ವಿಯಾಗಿ ಹೃದಯದೊಳಗಿನ ಶಸ್ತ್ರಚಿಕಿತ್ಸೆ ಮಾಡಿದರು. ರಕ್ತದ ಕಥೆಯಲ್ಲಿ ಚಾಕುವಿಗಿಂತ ದೊಡ್ಡ ಪಾತ್ರ ಈ ಯಂತ್ರದ್ದು.

ಯಂತ್ರದ ಕೊಳವೆ, ಪಂಪು, ಆಮ್ಲಜನಕ ಸೇರಿಸುವ ಭಾಗ ಎಲ್ಲವೂ ಮೊದಲೇ ದ್ರವದಿಂದ ತುಂಬಿರಬೇಕು, ಗಾಳಿ ಇರಕೂಡದು. ದೊಡ್ಡವರಿಗೆ ಬಳಸುವ ಯಂತ್ರಕ್ಕೆ ಸುಮಾರು 1.2ರಿಂದ 1.5 ಲೀಟರ್ ಸಲೈನ್ ತರಹದ ದ್ರವ ಹಿಡಿಸುತ್ತದೆ. ಯಂತ್ರ ಶುರುವಾದ ಕೂಡಲೇ ಆ ದ್ರವ ರೋಗಿಯ ರಕ್ತದಲ್ಲಿ ಬೆರೆಯುತ್ತದೆ. ಹಾಲಿಗೆ ನೀರು ಬೆರೆಸಿದಂತೆಯೇ. ಹಾಲು ಚೆಲ್ಲಿಲ್ಲ, ಆದರೆ ತೆಳುವಾಗಿದೆ.

ನಮ್ಮ 45 ಕಿಲೋ ತೂಕದ ಹೆಂಗಸಿನ ಮೈಯಲ್ಲಿ ಕಿಲೋಗೆ 65 ಮಿಲಿಲೀಟರ್ ಲೆಕ್ಕದಲ್ಲಿ ಸುಮಾರು 2.9 ಲೀಟರ್ ರಕ್ತ ಇರುತ್ತದೆ. ಅದಕ್ಕೆ 1.3 ಲೀಟರ್ ದ್ರವ ಸೇರಿದರೆ 4.2 ಲೀಟರ್. ಹಿಮೋಗ್ಲೋಬಿನ್ 10 ಇದ್ದದ್ದು ನೇರ ಲೆಕ್ಕದಲ್ಲಿ 6.9ಕ್ಕೆ ಇಳಿಯಿತು. ಅದೇ ಯಂತ್ರಕ್ಕೆ 75 ಕಿಲೋ ತೂಕದ, ಹಿಮೋಗ್ಲೋಬಿನ್ 14 ಇರುವ ಗಂಡಸನ್ನು ಜೋಡಿಸಿ. ಅವರಲ್ಲಿ ಸುಮಾರು 5.2 ಲೀಟರ್ ರಕ್ತ. ಅಷ್ಟೇ ದ್ರವ ಬೆರೆತ ಮೇಲೂ ಅವರ ಹಿಮೋಗ್ಲೋಬಿನ್ 11ರ ಮೇಲೇ ಇರುತ್ತದೆ. ಇಬ್ಬರಿಗೂ ಒಂದೇ ಆಪರೇಷನ್, ಒಬ್ಬರೇ ಸರ್ಜನ್, ಇಬ್ಬರಿಂದಲೂ ಒಂದು ಹನಿ ಚೆಲ್ಲಿಲ್ಲ. ಆದರೂ ಒಬ್ಬರಿಗೆ ರಕ್ತ ಕೊಡಲೇಬೇಕಾದ ಸ್ಥಿತಿ, ಇನ್ನೊಬ್ಬರಿಗೆ ಬೇಕಾಗದೇ ಇರಬಹುದು. "ಪಕ್ಕದ ಬೆಡ್ಡಿನವರಿಗೆ ಒಂದೇ ಬಾಟಲಿ ಸಾಕಾಯಿತು, ನಮ್ಮವರಿಗೆ ಮೂರು ಯಾಕೆ?" ಎಂಬ ಅನುಮಾನಕ್ಕೆ ಬಹಳ ಸಲ ಉತ್ತರ ಇಷ್ಟೇ.

ವೈದ್ಯರ ತಂಡಗಳು ಇದನ್ನು ನೋಡುತ್ತಾ ಕೂರುವುದಿಲ್ಲ. ಸಣ್ಣ ಮೈಕಟ್ಟಿನವರಿಗೆ ಕೊಳವೆ ಗಿಡ್ಡ ಮಾಡುತ್ತಾರೆ, ಯಂತ್ರದಲ್ಲಿರುವ ದ್ರವದ ಒಂದು ಭಾಗವನ್ನು ರೋಗಿಯ ಸ್ವಂತ ರಕ್ತದಿಂದಲೇ ಹಿಂದಕ್ಕೆ ತಳ್ಳಿ ತೆಗೆಯುತ್ತಾರೆ, ಹೆಚ್ಚಾದ ನೀರನ್ನು ಸೋಸುವ ಫಿಲ್ಟರ್ ಹಾಕುತ್ತಾರೆ. ಲೆಕ್ಕ ಸ್ವಲ್ಪ ಸುಧಾರಿಸುತ್ತದೆ, ಪೂರ್ತಿ ಬದಲಾಗುವುದಿಲ್ಲ.

ಇನ್ನು ನಿಜವಾದ ಸೋರಿಕೆ

ರಕ್ತ ಪ್ಲಾಸ್ಟಿಕ್ ಕೊಳವೆ ಮುಟ್ಟಿದರೆ ಹೆಪ್ಪುಗಟ್ಟಲು ಶುರುವಾಗುತ್ತದೆ. ಯಂತ್ರದೊಳಗೆ ಹೆಪ್ಪುಗಟ್ಟಿದರೆ ರೋಗಿ ಉಳಿಯುವುದು ಕಷ್ಟ. ಅದಕ್ಕೇ ಯಂತ್ರ ಜೋಡಿಸುವ ಮೊದಲು ಹೆಪಾರಿನ್ ಎಂಬ ಔಷಧಿ ಕೊಡುತ್ತಾರೆ. 1916ರಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯಕೀಯ ವಿದ್ಯಾರ್ಥಿ ನಾಯಿಯ ಯಕೃತ್ತಿನಲ್ಲಿ ಕಂಡದ್ದರಿಂದ ಇದರ ಕಥೆ ಶುರು. ಈಗ ಹೆಚ್ಚಾಗಿ ಹಂದಿಯ ಕರುಳಿನ ಒಳಪೊರೆಯಿಂದ ತೆಗೆಯುತ್ತಾರೆ. ಥಿಯೇಟರಿನಲ್ಲಿ ಮಾಡುವ ಒಂದು ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಎರಡು ನಿಮಿಷದಲ್ಲಿ ಹೆಪ್ಪುಗಟ್ಟುವ ರಕ್ತ, ಹೆಪಾರಿನ್ ಕೊಟ್ಟ ಮೇಲೆ ಎಂಟು ನಿಮಿಷವಾದರೂ ಹೆಪ್ಪುಗಟ್ಟಬಾರದು. ಅಲ್ಲಿಯವರೆಗೆ ಯಂತ್ರ ಶುರು ಮಾಡುವುದಿಲ್ಲ. ಅಂದರೆ ಹೃದಯ, ಮಹಾಪಧಮನಿ ಕೊಯ್ದಿರುವ ಹೊತ್ತಿನಲ್ಲೇ ದೇಹದ ಹೆಪ್ಪುಗಟ್ಟುವ ಶಕ್ತಿಯನ್ನು ಬೇಕೆಂದೇ ಆರಿಸಿಟ್ಟಿರುತ್ತಾರೆ.

ಕೆಲಸ ಮುಗಿದ ಮೇಲೆ ಹೆಪಾರಿನ್ನಿಗೆ ಪ್ರೋಟಮಿನ್ ಎಂಬ ಪ್ರತಿಮದ್ದು. ಇದರ ಮೂಲ ಸಾಲ್ಮನ್ ಮೀನಿನ ವೀರ್ಯ. ಮೀನು ತಿಂದರೆ ಅಲರ್ಜಿ ಆಗುವವರು ಅದನ್ನು ಅರಿವಳಿಕೆ ತಜ್ಞರಿಗೆ ಮೊದಲೇ ಹೇಳಬೇಕು ಎನ್ನುವುದು ಇದಕ್ಕೇ. ಸಸ್ಯಾಹಾರಿ ಮನೆಗಳಲ್ಲಿ ಯಾರಿಗೂ ಇದು ಹೊಳೆಯುವುದಿಲ್ಲ, ಮೀನು ತಿನ್ನುವವರಿಗೂ ಅಷ್ಟೇ. ಪ್ರೋಟಮಿನ್ ಹೆಪಾರಿನ್ನಿನ ಪರಿಣಾಮ ತೆಗೆಯುತ್ತದೆ, ಯಂತ್ರ ಮಾಡಿದ ಉಳಿದ ಹಾನಿಯನ್ನು ತೆಗೆಯುವುದಿಲ್ಲ. ಡೆಂಗಿ ಬಂದಾಗ ಊರೆಲ್ಲ ಎಣಿಸುವ ಅದೇ ಪ್ಲೇಟ್‌ಲೆಟ್‌ಗಳು ಯಂತ್ರದಲ್ಲಿ ಸುತ್ತಿ ಸುತ್ತಿ ಸಂಖ್ಯೆಯಲ್ಲೂ ಕಡಿಮೆಯಾಗಿರುತ್ತವೆ, ಉಳಿದವೂ ದಣಿದಿರುತ್ತವೆ. ಹೆಪ್ಪುಗಟ್ಟಿಸುವ ಪ್ರೋಟೀನುಗಳು ನೀರು ಬೆರೆತು ತೆಳುವಾಗಿರುತ್ತವೆ. ದೇಹ ತಣ್ಣಗಿದ್ದರೆ ಹೆಪ್ಪುಗಟ್ಟುವುದು ಇನ್ನೂ ನಿಧಾನ.

ಬೈಪಾಸ್‌ಗಿಂತ ವಾಲ್ವ್ ಆಪರೇಷನ್‌ನಲ್ಲಿ ಈ ತೊಂದರೆ ಹೆಚ್ಚಾಗಿರಲು ಕಾರಣಗಳಿವೆ. ಬೈಪಾಸಿನಲ್ಲಿ ಹೃದಯದ ಮೇಲ್ಮೈಯ ರಕ್ತನಾಳಗಳಿಗೆ ಹೊಲಿಗೆ. ನಮ್ಮ ದೇಶದಲ್ಲಿ ಎಷ್ಟೋ ಬೈಪಾಸ್‌ಗಳು ಯಂತ್ರವಿಲ್ಲದೆ, ಹೃದಯ ಬಡಿಯುತ್ತಿರುವಾಗಲೇ ಆಗುತ್ತವೆ. ವಾಲ್ವ್‌ಗೆ ಹೃದಯದ ಕೋಣೆಯನ್ನೋ ಮಹಾಪಧಮನಿಯನ್ನೋ ತೆರೆಯಲೇಬೇಕು. ಜೊತೆಗೆ, ಮೈಟ್ರಲ್ ಕವಾಟ ಹಲವು ವರ್ಷ ಕೆಟ್ಟಿದ್ದರೆ ರಕ್ತ ಹಿಂದಕ್ಕೆ ನಿಂತು ಒತ್ತಡ ಶ್ವಾಸಕೋಶ ದಾಟಿ ಯಕೃತ್ತಿನವರೆಗೂ ಹೋಗಿರುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲಿ ಹೆಚ್ಚಿನವು ತಯಾರಾಗುವುದೇ ಯಕೃತ್ತಿನಲ್ಲಿ. ಕಾಲು ಊದಿಕೊಂಡು, ಹೊಟ್ಟೆ ಉಬ್ಬಿ, ತೀರಾ ತಡವಾಗಿ ಆಸ್ಪತ್ರೆ ಸೇರಿದ ರೋಗಿಗೆ ರಕ್ತಸ್ರಾವ ಹೆಚ್ಚಾಗುವುದರಲ್ಲಿ ಸರ್ಜನ್ನನ ಕೈವಾಡ ಏನೂ ಇರದೇ ಇರಬಹುದು. ಹಿಂದೆ ಒಮ್ಮೆ ಎದೆ ತೆರೆದಿದ್ದರೆ ಒಳಗೆಲ್ಲ ಅಂಟಿಕೊಂಡಿರುತ್ತದೆ, ಬಿಡಿಸುವಾಗ ಇನ್ನಷ್ಟು ಸೋರುತ್ತದೆ.

ಆಪರೇಷನ್ ಮುಗಿದ ಮೇಲೆ ಎದೆಯೊಳಗಿಂದ ಹೊರಕ್ಕೆ ಒಂದೆರಡು ಕೊಳವೆ ಬಿಟ್ಟಿರುತ್ತಾರೆ. ಅದರ ಡಬ್ಬಿಯಲ್ಲಿ ಕೆಂಪು ದ್ರವ ಕಂಡು ಮನೆಯವರು ಬೆಚ್ಚಿಬೀಳುತ್ತಾರೆ. ಮೊದಲ ದಿನ ಕೆಲವು ನೂರು ಮಿಲಿಲೀಟರ್ ಬರುವುದು ಸಹಜ. ಗಂಟೆಗೆ 200 ಮಿಲಿಲೀಟರಿಗಿಂತ ಹೆಚ್ಚಾಗಿ ಕೆಲವು ಗಂಟೆ ಬಿಡದೆ ಬಂದರೆ ತಂಡ ಎಚ್ಚೆತ್ತುಕೊಳ್ಳುತ್ತದೆ. ವಿಚಿತ್ರ ಎಂದರೆ, ಜೋರಾಗಿ ಬರುತ್ತಿದ್ದದ್ದು ಥಟ್ಟನೆ ನಿಂತರೆ ಮನೆಯವರು ಸಮಾಧಾನಪಡುತ್ತಾರೆ, ಐಸಿಯು ನರ್ಸ್ ಗಾಬರಿಯಾಗುತ್ತಾರೆ. ಕೊಳವೆ ಕಟ್ಟಿಕೊಂಡು ರಕ್ತ ಹೃದಯದ ಸುತ್ತ ತುಂಬುತ್ತಿರಬಹುದು. ಹಾಗೆ ತುಂಬಿದರೆ ಹೃದಯ ಅಮುಕಿಹೋಗಿ ಹಿಗ್ಗಲು ಜಾಗವಿಲ್ಲದಂತಾಗುತ್ತದೆ. ಇಂಥ ಹೊತ್ತಿನಲ್ಲಿ ಎದೆಯನ್ನು ಮತ್ತೆ ತೆರೆಯಬೇಕಾಗುತ್ತದೆ. ನೂರರಲ್ಲಿ ಕೆಲವರಿಗೆ ಹೀಗಾಗುತ್ತದೆ. ಮೊದಲ ಆಪರೇಷನ್ ಕೆಟ್ಟಿತು ಎಂದು ಅದರಿಂದಲೇ ತೀರ್ಮಾನಿಸಲಾಗದು.

ನಾಲ್ಕು ಬಾಟಲಿಯ ಚೀಟಿ ಈ ದುರ್ದಿನಕ್ಕಾಗಿ. ಗುಂಪು ಹೊಂದಿಸಿ, ಕ್ರಾಸ್‌ಮ್ಯಾಚ್ ಮಾಡಿ, ರಕ್ತನಿಧಿಯ ಫ್ರಿಜ್ಜಿನಲ್ಲಿ ರೋಗಿಯ ಹೆಸರಿನಲ್ಲಿ ಎತ್ತಿಟ್ಟಿರುತ್ತಾರೆ. ಬೇಕಾಗದಿದ್ದರೆ ಅದು ಇನ್ನೊಬ್ಬ ರೋಗಿಗೆ ಹೋಗುತ್ತದೆ. ಅಂದಹಾಗೆ, ಗಾಜಿನ ಬಾಟಲಿ ಹೋಗಿ ಪ್ಲಾಸ್ಟಿಕ್ ಚೀಲ ಬಂದು ದಶಕಗಳಾದವು. ನಮ್ಮ ಮಾತಿನಲ್ಲಿ ಮಾತ್ರ ಬಾಟಲಿ ಹಾಗೇ ಉಳಿದಿದೆ, ನಾನೂ ಬದಲಿಸಲು ಹೋಗುವುದಿಲ್ಲ.

ಚೆಲ್ಲಿದ್ದನ್ನು ಮರಳಿ ಪಡೆಯುವುದು

ಥಿಯೇಟರಿನಲ್ಲಿ ಸೋರಿದ ರಕ್ತವೆಲ್ಲ ಬಕೆಟ್ಟಿಗೆ ಹೋಗುತ್ತದೆ ಎಂದೇನಿಲ್ಲ. ಹೆಪಾರಿನ್ ಕೊಟ್ಟಿರುವಾಗ ಹೀರಿ ತೆಗೆದ ರಕ್ತ ಯಂತ್ರಕ್ಕೇ ವಾಪಸು ಹೋಗುತ್ತದೆ. ಸೆಲ್ ಸೇವರ್ ಎಂಬ ಉಪಕರಣ ಇರುವ ಕಡೆ, ಸೋರಿದ ರಕ್ತವನ್ನು ತೊಳೆದು ಕೆಂಪು ಕಣಗಳನ್ನಷ್ಟೇ ಬೇರ್ಪಡಿಸಿ ರೋಗಿಗೇ ಕೊಡುತ್ತಾರೆ. ಅದಕ್ಕೆ ಪ್ರತಿ ರೋಗಿಗೂ ಹೊಸ ಕಿಟ್ ಬೇಕು, ಖರ್ಚಾಗುತ್ತದೆ.

ಅಗ್ಗದ, ಆದರೆ ದೊಡ್ಡ ಉಪಕಾರ ಮಾಡಿದ್ದು ಟ್ರಾನೆಕ್ಸಮಿಕ್ ಆಸಿಡ್. ಮುಟ್ಟಿನಲ್ಲಿ ವಿಪರೀತ ರಕ್ತ ಹೋದಾಗ ವೈದ್ಯರು ಬರೆಯುವ ಮಾತ್ರೆ ಇದೇ. ಜಪಾನಿನ ಉಟಾಕೊ ಒಕಾಮೊಟೊ ಮತ್ತು ಶೊಸುಕೆ ಒಕಾಮೊಟೊ ದಂಪತಿ 1962ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು. ಕಟ್ಟಿದ ಹೆಪ್ಪು ಬೇಗ ಕರಗದಂತೆ ಇದು ತಡೆಯುತ್ತದೆ. 2017ರಲ್ಲಿ ಪ್ರಕಟವಾದ, 4,600ಕ್ಕೂ ಹೆಚ್ಚು ರೋಗಿಗಳ ಅಧ್ಯಯನವೊಂದರಲ್ಲಿ, ರಕ್ತಸ್ರಾವಕ್ಕೆ ಎದೆ ಮತ್ತೆ ತೆರೆಯಬೇಕಾದವರು ಶೇ 2.8ರಿಂದ ಶೇ 1.4ಕ್ಕೆ ಇಳಿದರು. ಆ ಅಧ್ಯಯನ ಮುಖ್ಯವಾಗಿ ಬೈಪಾಸ್ ರೋಗಿಗಳದ್ದು ಎಂಬುದನ್ನು ನೆನಪಿಡಬೇಕು. ಔಷಧಿ ಕೊಟ್ಟವರಲ್ಲಿ ಫಿಟ್ಸ್ ಸ್ವಲ್ಪ ಹೆಚ್ಚಾಗಿ ಕಂಡಿತು ಎಂಬುದನ್ನೂ.

ಇದೆಲ್ಲ ಸೇರಿಸಿಕೊಂಡು ರಕ್ತ ಕೊಡದೆಯೇ ಹೃದಯದ ಆಪರೇಷನ್ ಸಾಧ್ಯವೇ? ಕೆಲವರಲ್ಲಿ ಸಾಧ್ಯ. ಧರ್ಮದ ಕಾರಣಕ್ಕೆ ರಕ್ತ ಒಪ್ಪದ ಯೆಹೋವನ ಸಾಕ್ಷಿಗಳ ಮೇಲೆ ಅಮೆರಿಕದ ಡೆಂಟನ್ ಕೂಲಿ ಮತ್ತು ಅವರ ತಂಡ ಮಾಡಿದ 542 ಶಸ್ತ್ರಚಿಕಿತ್ಸೆಗಳ ವರದಿ 1977ರಲ್ಲೇ ಬಂದಿತ್ತು. ಸಾವುಗಳೂ ಆಗಿದ್ದವು. ಆದರೂ ಆ ಅನುಭವ ಉಳಿದವರಿಗೂ ಉಪಯೋಗಕ್ಕೆ ಬಂತು: ಎಷ್ಟೋ ರೋಗಿಗಳಿಗೆ ಅಗತ್ಯವಿಲ್ಲದೆಯೂ ರಕ್ತ ಏರಿಸುತ್ತಿದ್ದೇವೆ ಎನ್ನುವುದು ವೈದ್ಯರಿಗೆ ಹೊಳೆಯಿತು.

ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೆಯದೇ?

ಇದನ್ನು ನೇರವಾಗಿಯೇ ಪರೀಕ್ಷಿಸಿದ್ದಾರೆ. 2017ರಲ್ಲಿ ಪ್ರಕಟವಾದ ಟ್ರಿಕ್ಸ್-3 ಎಂಬ ಅಧ್ಯಯನದಲ್ಲಿ ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾದ, ಅಪಾಯ ಜಾಸ್ತಿ ಇದ್ದ ಐದು ಸಾವಿರ ಚಿಲ್ಲರೆ ರೋಗಿಗಳಿದ್ದರು. ಒಂದು ಗುಂಪಿಗೆ ಹಿಮೋಗ್ಲೋಬಿನ್ 7.5ಕ್ಕಿಂತ ಕೆಳಗಿಳಿದರೆ ಮಾತ್ರ ರಕ್ತ. ಇನ್ನೊಂದು ಗುಂಪಿಗೆ ಥಿಯೇಟರ್, ಐಸಿಯುನಲ್ಲಿ 9.5ಕ್ಕಿಂತ, ವಾರ್ಡಿನಲ್ಲಿ 8.5ಕ್ಕಿಂತ ಕೆಳಗಿಳಿದರೇ ರಕ್ತ. ಮೊದಲ ಗುಂಪಿನಲ್ಲಿ ರಕ್ತ ಪಡೆದವರು ನೂರಕ್ಕೆ 52, ಎರಡನೆಯದರಲ್ಲಿ 73. ಸಾವು, ಹೃದಯಾಘಾತ, ಪಾರ್ಶ್ವವಾಯು, ಡಯಾಲಿಸಿಸ್ ಬೇಕಾಗುವಷ್ಟು ಮೂತ್ರಪಿಂಡದ ವೈಫಲ್ಯ ಎಲ್ಲ ಕೂಡಿಸಿ ನೋಡಿದರೆ ಮೊದಲ ಗುಂಪಿನಲ್ಲಿ ಶೇ 11.4, ಎರಡನೆಯದರಲ್ಲಿ ಶೇ 12.5. ಅಂದರೆ ಬಿಗಿ ಹಿಡಿದು ಕೊಟ್ಟವರಿಗೆ ನಷ್ಟವೇನೂ ಆಗಲಿಲ್ಲ.

ಹಾಗೆಂದು ರಕ್ತ ಕೊಡದಿದ್ದಷ್ಟೂ ಒಳ್ಳೆಯದು ಎನ್ನುವ ಇನ್ನೊಂದು ತುದಿಗೆ ಹಾರಬೇಕಿಲ್ಲ. 2015ರಲ್ಲಿ ಬ್ರಿಟನ್ನಿನಿಂದ ಬಂದ ಟೈಟರ್-2 ಅಧ್ಯಯನದಲ್ಲಿ ಮುಖ್ಯ ಲೆಕ್ಕದಲ್ಲಿ ವ್ಯತ್ಯಾಸ ಕಾಣದಿದ್ದರೂ, ಬಿಗಿ ಹಿಡಿದ ಗುಂಪಿನಲ್ಲಿ ಮೂರು ತಿಂಗಳೊಳಗಿನ ಸಾವು ತುಸು ಹೆಚ್ಚಿತ್ತು: ಶೇ 4.2, ಇನ್ನೊಂದರಲ್ಲಿ ಶೇ 2.6. ವೈದ್ಯರು ಹಿಮೋಗ್ಲೋಬಿನ್ ಅಂಕಿ ಒಂದನ್ನೇ ನೋಡದೆ ರಕ್ತದೊತ್ತಡ, ಮೂತ್ರ, ಅಂಗಾಂಗಗಳಿಗೆ ಸಾಕಷ್ಟು ಆಮ್ಲಜನಕ ಸಿಗುತ್ತಿದೆಯೇ ಎಂಬುದನ್ನೂ ನೋಡುವುದು ಇದಕ್ಕೇ. ರಕ್ತವನ್ನು ಟಾನಿಕ್ ಎಂದುಕೊಳ್ಳದೆ ಡೋಸ್ ಇರುವ ಔಷಧಿ ಎಂದುಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದು ಬಾಟಲಿ ಹಿಮೋಗ್ಲೋಬಿನ್ನನ್ನು ಸುಮಾರು 1 ಗ್ರಾಂ ಏರಿಸುತ್ತದೆ. ಅಡ್ಡ ಪರಿಣಾಮಗಳೂ ಇವೆ. ಮೈಟ್ರಲ್ ರೋಗಿಯ ಶ್ವಾಸಕೋಶ ಮೊದಲೇ ಒದ್ದೆಯಾಗಿರುತ್ತದೆ, ಬೇಗ ಬೇಗ ರಕ್ತ ಏರಿಸಿದರೆ ಇನ್ನಷ್ಟು ನೀರು ತುಂಬಿ ಉಸಿರಾಟವೇ ಕಷ್ಟವಾಗಬಹುದು. ಆದ್ದರಿಂದ "ಇನ್ನೊಂದು ಬಾಟಲಿ ಏರಿಸಿಬಿಡಿ ಡಾಕ್ಟ್ರೇ, ಸುಸ್ತಾಗಿದ್ದಾರೆ" ಎಂದು ಒತ್ತಾಯ ಮಾಡುವುದು ಒಳ್ಳೆಯದಲ್ಲ.

ಫ್ರೆಶ್ ರಕ್ತ, ಮನೆಯವರ ರಕ್ತ

ಫ್ರೆಶ್ ಬ್ಲಡ್ಡಿಗಾಗಿ ಪರದಾಡುವವರು 2015ರ ರೆಸೆಸ್ ಅಧ್ಯಯನವನ್ನು ಗಮನಿಸಬೇಕು. ದೊಡ್ಡ ಹೃದಯ ಶಸ್ತ್ರಚಿಕಿತ್ಸೆಯ 1,098 ರೋಗಿಗಳಲ್ಲಿ ಅರ್ಧ ಜನರಿಗೆ ಹತ್ತು ದಿನದೊಳಗಿನ ರಕ್ತ, ಇನ್ನರ್ಧಕ್ಕೆ ಮೂರು ವಾರ ಅಥವಾ ಅದಕ್ಕಿಂತ ಹಳೆಯದು. ಅಂಗಾಂಗಗಳ ಚೇತರಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಕೆಂಪು ಕಣಗಳನ್ನು ಅದಕ್ಕೆ ಬೆರೆಸುವ ದ್ರಾವಣದ ಮೇಲೆ 35 ಅಥವಾ 42 ದಿನ ಇಡಬಹುದು. ಪ್ಲೇಟ್‌ಲೆಟ್ ಮಾತ್ರ ಐದು ದಿನ. ಹಿಂದೆ ಇಡೀ ರಕ್ತವನ್ನೇ ಕೊಡುತ್ತಿದ್ದಾಗ, ಪ್ಲೇಟ್‌ಲೆಟ್ ಜೀವಂತವಾಗಿರಲಿ ಎಂದು ತಾಜಾ ರಕ್ತ ಕೇಳುವುದಕ್ಕೆ ಅರ್ಥವಿತ್ತು. ಈಗ ಒಬ್ಬರು ಕೊಟ್ಟ ರಕ್ತವನ್ನು ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಎಂದು ಬೇರ್ಪಡಿಸಿ, ಯಾರಿಗೆ ಏನು ಬೇಕೋ ಅದನ್ನಷ್ಟೇ ಕೊಡುತ್ತಾರೆ. ಹಸುಗೂಸುಗಳ ಹೃದಯ ಶಸ್ತ್ರಚಿಕಿತ್ಸೆಯಂಥ ಸಂದರ್ಭದಲ್ಲಿ ಹೊಸ ರಕ್ತ ಕೇಳುವುದುಂಟು, ಅದಕ್ಕೆ ಬೇರೆ ಕಾರಣಗಳಿವೆ.

ಮನೆಯವರ ರಕ್ತದ ವಿಷಯ ಇನ್ನೂ ಗಂಭೀರ. ಅಣ್ಣ, ಮಗ, ತಂದೆಯ ರಕ್ತದಲ್ಲಿರುವ ಬಿಳಿ ಕಣಗಳು ರೋಗಿಯ ಕಣಗಳನ್ನು ಬಹಳ ಹೋಲುತ್ತವೆ. ಅಪರೂಪಕ್ಕೆ, ರೋಗಿಯ ದೇಹ ಅವನ್ನು ಹೊರಗಿನವು ಎಂದು ಗುರುತಿಸದೆ ಒಳಗೆ ಬಿಟ್ಟುಕೊಳ್ಳುತ್ತದೆ. ಅವು ಅಲ್ಲೇ ಬೇರೂರಿ, ರೋಗಿಯ ಚರ್ಮ, ಕರುಳು, ಅಸ್ಥಿಮಜ್ಜೆಯ ಮೇಲೆಯೇ ದಾಳಿ ಮಾಡುತ್ತವೆ. ತೀರಾ ವಿರಳ, ಆದರೆ ಬಂದರೆ ಉಳಿಯುವವರು ಇಲ್ಲವೆಂಬಷ್ಟು ಕಡಿಮೆ. ಅದಕ್ಕೇ ಹತ್ತಿರದ ಸಂಬಂಧಿಕರ ರಕ್ತ ಕೊಡಲೇಬೇಕಾದರೆ ಮೊದಲು ಅದಕ್ಕೆ ವಿಕಿರಣ ಹಾಯಿಸಬೇಕು ಎಂಬ ನಿಯಮವಿದೆ. ಇನ್ನೊಂದು: ಮುಂದೆ ಮಕ್ಕಳು ಬೇಕೆನ್ನುವ ಹೆಂಗಸಿಗೆ ಗಂಡನ ರಕ್ತ ಬೇಡ. ಅದರಿಂದ ಹುಟ್ಟುವ ಪ್ರತಿಕಾಯಗಳು ಮುಂದೆ ಹೊಟ್ಟೆಯಲ್ಲಿರುವ ಮಗುವಿನ ರಕ್ತಕಣಗಳನ್ನು ನಾಶ ಮಾಡಬಹುದು. ನಮ್ಮ ಮೂವತ್ತು ವರ್ಷದ ಹೆಂಗಸಿನ ಗಂಡ ತೋಳು ಮಡಚಿಕೊಂಡು ಮೊದಲು ಮುಂದೆ ಬರುತ್ತಾನೆ, ಪಾಪ, ಬರಲಿ. ಅವನ ರಕ್ತ ನಿಧಿಗೆ ಹೋಗಲಿ, ಹೆಂಡತಿಗೆ ಬೇರೆಯವರದ್ದು ಬರಲಿ. ಸಂಬಂಧ ಏನೆಂದು ರಕ್ತನಿಧಿಯಲ್ಲಿ ತಪ್ಪದೆ ಹೇಳಬೇಕು, ಅಷ್ಟೇ.

ಇದರಿಂದ ಇನ್ನೊಂದು ಅನುಕೂಲವೂ ಇದೆ: ಕೊಡುವವರ ಗುಂಪು ರೋಗಿಯ ಗುಂಪೇ ಆಗಿರಬೇಕಿಲ್ಲ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಜೆ.ಎಸ್.ಎಸ್. ಆಸ್ಪತ್ರೆ, ಜೀವಧಾರ ಹೀಗೆ ಹಲವು ರಕ್ತನಿಧಿಗಳಿವೆ. 18ರಿಂದ 65 ವರ್ಷದೊಳಗಿನ, 45 ಕಿಲೋ ತೂಕ, 12.5 ಹಿಮೋಗ್ಲೋಬಿನ್ ಇರುವವರು ಕೊಡಬಹುದು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ. ದುಡ್ಡು ಕೇಳಿಕೊಂಡು ರಕ್ತ ಕೊಡಲು ಬರುವವರನ್ನು ಮಾತ್ರ ಹತ್ತಿರ ಸೇರಿಸಬೇಡಿ. ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ತೀರ್ಪಿನಂತೆ 1998ರ ಜನವರಿಯಿಂದಲೇ ರಕ್ತದ ಮಾರಾಟ ನಿಷೇಧವಾಗಿದೆ. ರಕ್ತನಿಧಿ ತೆಗೆದುಕೊಳ್ಳುವುದು ಪರೀಕ್ಷೆ, ಸಂಸ್ಕರಣೆಯ ಶುಲ್ಕ, ರಕ್ತದ ಬೆಲೆಯಲ್ಲ.

ಆಪರೇಷನ್ನಿಗೆ ಮೊದಲಿನ ವಾರಗಳು

ಲೆಕ್ಕಕ್ಕೆ ಮರಳಿ ಬರೋಣ. ಅದೇ 45 ಕಿಲೋ ಹೆಂಗಸಿನ ಹಿಮೋಗ್ಲೋಬಿನ್ 10ರ ಬದಲು 12.5 ಇದ್ದಿದ್ದರೆ? ಯಂತ್ರದ ಮೇಲೆ 6.9ರ ಬದಲು 8.7. ಬಹುಶಃ ಒಂದೆರಡು ಬಾಟಲಿ ಅಲ್ಲೇ ಉಳಿಯುತ್ತಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ, ಕರ್ನಾಟಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು. ವಾಲ್ವ್ ಆಪರೇಷನ್ ಹೆಚ್ಚಾಗಿ ಇವತ್ತು ನಾಳೆಯ ತುರ್ತಿನದ್ದಲ್ಲ. ದಿನಾಂಕ ಸಿಗಲು ಕೆಲವು ವಾರ ಕಾಯಬೇಕಾಗುತ್ತದೆ. ಆ ವಾರಗಳನ್ನು ಬಳಸಿಕೊಳ್ಳಬಹುದು. ದಿನಾಂಕ ಕೇಳುವ ದಿನವೇ "ಹಿಮೋಗ್ಲೋಬಿನ್ ಎಷ್ಟಿದೆ, ಕಬ್ಬಿಣದ ಮಾತ್ರೆ ಬೇಕೆ, ಇಂಜೆಕ್ಷನ್ ಬೇಕೆ?" ಎಂದು ಕೇಳಿ. ಮಾತ್ರೆ ಕೆಲಸ ಮಾಡಲು ವಾರಗಳು ಬೇಕು. ಊಟದ ಜೊತೆಗೇ ಕಾಫಿ ಟೀ ಕುಡಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಮೈಸೂರಿನವರಿಗೆ ಇದನ್ನು ಒಪ್ಪಿಸುವುದು ಕಷ್ಟ, ಆದರೂ ಒಂದು ಗಂಟೆ ತಡೆದು ಕುಡಿಯಬಹುದು. ಬೀಟ್‌ರೂಟ್ ಜ್ಯೂಸನ್ನು ನೆಚ್ಚಿಕೊಳ್ಳಬೇಡಿ. ಅದರ ಕೆಂಪು ಒಂದು ಸಸ್ಯವರ್ಣ, ಕಬ್ಬಿಣದ ಬಣ್ಣವಲ್ಲ.

ಎರಡನೆಯದು, ನುಂಗುತ್ತಿರುವ ಮಾತ್ರೆಗಳ ಪಟ್ಟಿ. ಮೈಟ್ರಲ್ ರೋಗಿಗಳಲ್ಲಿ ಎದೆಬಡಿತ ಏರುಪೇರಾಗಿ ಮೊದಲೇ ವಾರ್ಫರಿನ್ ಅಥವಾ ಅಸಿನೋಕುಮರಾಲ್ ಬರೆದಿರುವುದುಂಟು. ವಾರ್ಫರಿನ್ನನ್ನು ಸಾಮಾನ್ಯವಾಗಿ ಐದು ದಿನ ಮೊದಲು ನಿಲ್ಲಿಸುತ್ತಾರೆ, ಕೆಲವರಿಗೆ ಆ ನಡುವೆ ಹೆಪಾರಿನ್ ಕೊಡುತ್ತಾರೆ. ಕ್ಲೊಪಿಡೋಗ್ರೆಲ್ ಕೂಡ ಸುಮಾರು ಐದು ದಿನ. ಇದನ್ನು ಓದಿ ಯಾರೂ ತಾವಾಗಿ ನಿಲ್ಲಿಸಬಾರದು. ತಪ್ಪು ದಿನ ನಿಲ್ಲಿಸಿದರೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು. ಬೆಳ್ಳುಳ್ಳಿ ಕ್ಯಾಪ್ಸೂಲ್, ಮೀನೆಣ್ಣೆ, ಅರಿಶಿನದ ಮಾತ್ರೆ, ನಾಟಿ ಔಷಧಿ, ಮಂಡಿ ನೋವಿಗೆ ಅಂಗಡಿಯಲ್ಲಿ ತಂದ ಮಾತ್ರೆ, ಯಾವುದನ್ನೂ ಮುಚ್ಚಿಡದೆ ಹೇಳಬೇಕು. ಸಾರಿಗೆ ಹಾಕುವ ಅರಿಶಿನ, ಒಗ್ಗರಣೆಯ ಬೆಳ್ಳುಳ್ಳಿಯಿಂದ ಏನೂ ಆಗುವುದಿಲ್ಲ.

ಮನೆಗೆ ಬಂದ ಮೇಲೆ ಶುರುವಾಗುವ ಇನ್ನೊಂದು ಲೆಕ್ಕ

ಲೋಹದ ಕವಾಟ ಹಾಕಿದ್ದರೆ ರಕ್ತ ಅದರ ಮೇಲೆ ಹೆಪ್ಪುಗಟ್ಟದಂತೆ ಜೀವನಪೂರ್ತಿ ಮಾತ್ರೆ ಬೇಕು. ಅಂಗಾಂಶದ ಕವಾಟಕ್ಕೆ ಹೆಚ್ಚಾಗಿ ಕೆಲವು ತಿಂಗಳು ಸಾಕು, ಆದರೆ ಅದು ಸವೆಯುತ್ತದೆ, ಚಿಕ್ಕ ವಯಸ್ಸಿನವರಲ್ಲಿ ಇನ್ನೂ ಬೇಗ. ಲೋಹದ ಕವಾಟಕ್ಕೆ ಕೊಡುವ ವಾರ್ಫರಿನ್ ಹುಟ್ಟಿದ್ದು ಒಂದು ವಿಚಿತ್ರ ದಾರಿಯಲ್ಲಿ: 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಸು ಹಿಡಿದ ಮೇವು ತಿಂದ ದನಗಳು ರಕ್ತ ಸೋರಿ ಸಾಯತೊಡಗಿದವು, ಅದರ ಕಾರಣ ಹುಡುಕುತ್ತಾ ಹೋಗಿ 1948ರಲ್ಲಿ ಇಲಿ ಪಾಷಾಣ ಬಂತು, 1954ರಲ್ಲಿ ಅದೇ ಮನುಷ್ಯರಿಗೆ ಔಷಧಿಯಾಯಿತು. ಇಲಿ ಪಾಷಾಣ ಕೊಡುತ್ತಿದ್ದಾರೆ ಎಂದು ಯಾರಾದರೂ ಹೆದರಿಸಿದರೆ, ವ್ಯತ್ಯಾಸ ಇರುವುದು ಡೋಸಿನಲ್ಲಿ ಮತ್ತು ಐಎನ್‌ಆರ್ ಪರೀಕ್ಷೆಯಲ್ಲಿ. ಮಾತ್ರೆ ಇಲ್ಲದವರಲ್ಲಿ ಐಎನ್‌ಆರ್ ಸುಮಾರು 1. ಲೋಹದ ಅಯೋರ್ಟಿಕ್ ಕವಾಟಕ್ಕೆ ಹೆಚ್ಚಾಗಿ 2ರಿಂದ 3, ಮೈಟ್ರಲ್‌ಗೆ 2.5ರಿಂದ 3.5ರ ನಡುವೆ ಇರಿಸುತ್ತಾರೆ. ಕೆಳಗಿಳಿದರೆ ಕವಾಟ ಕಟ್ಟಿಕೊಳ್ಳುತ್ತದೆ, ಮೇಲೇರಿದರೆ ರಕ್ತಸ್ರಾವ. ಪರೀಕ್ಷೆ ಬೇಡದ ಡಾಬಿಗಾಟ್ರಾನ್ ಎಂಬ ಹೊಸ ಮಾತ್ರೆಯನ್ನು ಲೋಹದ ಕವಾಟದವರಿಗೆ ಕೊಟ್ಟು ನೋಡಿದ ಅಧ್ಯಯನದಲ್ಲಿ ಹೆಪ್ಪು, ರಕ್ತಸ್ರಾವ ಎರಡೂ ಹೆಚ್ಚಾಗಿ, ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. 2013ರಲ್ಲಿ ವರದಿ ಬಂತು. ಆದ್ದರಿಂದ ಬೇರೆಯವರ ಮಾತ್ರೆ ನೋಡಿ ಬದಲಿಸಿಕೊಳ್ಳುವಂತಿಲ್ಲ.

ಬಸಿರಿನ ಮೊದಲ ತಿಂಗಳುಗಳಲ್ಲಿ ವಾರ್ಫರಿನ್ ಮಗುವಿಗೆ ಹಾನಿ ಮಾಡಬಹುದು. ಮಕ್ಕಳು ಬೇಕು ಎನ್ನುವವರು ಯಾವ ಕವಾಟ ಎಂದು ತೀರ್ಮಾನವಾಗುವ ಮೊದಲೇ ಈ ಮಾತು ಎತ್ತಬೇಕು, ಅತ್ತೆ ಮಾವನ ಎದುರು ಸಂಕೋಚವಾದರೆ ಡಾಕ್ಟರ ಹತ್ತಿರ ಒಬ್ಬರೇ ಆದರೂ ಕೇಳಬೇಕು.

ಇನ್ನು ಸೊಪ್ಪು. "ವಾಲ್ವ್ ಹಾಕಿದವರು ಸೊಪ್ಪು ಮುಟ್ಟಬಾರದು" ಎಂಬ ಮಾತು ಮನೆಮನೆಯಲ್ಲೂ ಕೇಳುತ್ತದೆ. ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್ನಿನ ವಿರುದ್ಧ ಕೆಲಸ ಮಾಡುವುದು ನಿಜ. ತೊಂದರೆ ಇರುವುದು ಸೊಪ್ಪಿನಲ್ಲಲ್ಲ, ಏರುಪೇರಿನಲ್ಲಿ. ಮೊದಲಿನಿಂದ ವಾರಕ್ಕೆ ಮೂರು ದಿನ ಮಸ್ಸೊಪ್ಪು, ಬಸ್ಸಾರು ಉಣ್ಣುತ್ತಿದ್ದರೆ ಹಾಗೇ ಮುಂದುವರಿಸಲಿ, ಮಾತ್ರೆಯ ಡೋಸ್ ಅದಕ್ಕೆ ತಕ್ಕಂತೆ ಹೊಂದುತ್ತದೆ. ತಿಂಗಳುಗಟ್ಟಲೆ ಬಿಟ್ಟು, ತವರಿಗೆ ಹೋದಾಗ ವಾರವಿಡೀ ನುಗ್ಗೆ ಸೊಪ್ಪು ತಿಂದರೆ ಐಎನ್‌ಆರ್ ಕೆಳಗಿಳಿಯಬಹುದು. ಆ್ಯಂಟಿಬಯಾಟಿಕ್ ತೆಗೆದುಕೊಂಡಾಗ, ಭೇದಿಯಾಗಿ ಊಟ ಸೇರದಿದ್ದಾಗ ಮೇಲೇರಬಹುದು, ಆಗ ಬೇಗ ಪರೀಕ್ಷೆ ಮಾಡಿಸಬೇಕು. ನೋವಿಗೆ ಡೈಕ್ಲೊಫಿನ್ಯಾಕ್, ಐಬುಪ್ರೊಫೆನ್ ತರಹದ ಮಾತ್ರೆ ಬೇಡ. ಊರಿನ ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಇಂಜೆಕ್ಷನ್ ಹಾಕಲು ಬಂದರೆ ವಾಲ್ವ್ ಹಾಕಿದೆ, ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದೇನೆ ಎಂದು ಮೊದಲು ಹೇಳಬೇಕು. ಮಲ ಟಾರಿನಂತೆ ಕಪ್ಪಗಾದರೆ, ಮೂತ್ರದಲ್ಲಿ ರಕ್ತ ಕಂಡರೆ, ತಲೆಗೆ ಪೆಟ್ಟು ಬಿದ್ದರೆ, ಪೆಟ್ಟು ಸಣ್ಣದು ಅನ್ನಿಸಿದರೂ ಸರಿ, ಮುಂದಿನ ಚೆಕಪ್ಪಿನ ತಾರೀಖಿಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.